ಬಾಯಿಮಾತಿಗೆ ಹಿಂಬರಹ ಸಿಗುವುದಿಲ್ಲ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ಅರ್ಜಿ ಬರೆದುಕೊಡುವವರಿಗೆ ಒಂದು ಬಹಿರಂಗ ಪತ್ರ

ಕೋರ್ಟು, ತಹಶೀಲ್ದಾರ್ ಕಚೇರಿ, ಪೊಲೀಸ್ ಠಾಣೆಗಳ ಎದುರು ಟೈಪಿಂಗ್ ಅಂಗಡಿ, ಝೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಅಣ್ಣಂದಿರೇ, ಅಕ್ಕಂದಿರೇ,

ಪೊಲೀಸರು ಕೇಸ್ ತಗೊಳ್ಳಲಿಲ್ಲ ಎಂಬ ಸಂಕಟದ ಪತ್ರವನ್ನು ಎಸ್‌ಪಿ ಸಾಹೇಬರಿಗೋ ಗೃಹ ಸಚಿವರಿಗೋ ಬರೆಯುವುದು ರೂಢಿ. ಅವರಿಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಆ ಪತ್ರಗಳನ್ನೆಲ್ಲ ಟೈಪ್ ಮಾಡುವವರು ನೀವು. ನಿಮಗೆ ಯಾರೂ ಬರೆದಿದ್ದು ನಾನು ಕಾಣೆ. ನಮ್ಮ ನಾಲ್ಕೂ ಊರುಗಳಲ್ಲಿ ಒಂದು ಕ್ರಿಮಿನಲ್ ಕೇಸಿನ ಹಣೆಬರಹವನ್ನು ಮೊದಲು ಬರೆಯುವವರು ವಕೀಲರೂ ಅಲ್ಲ, ಪಿಎಸ್‌ಐ ಕೂಡ ಅಲ್ಲ. ಐವತ್ತೋ ನೂರೋ ರೂಪಾಯಿ ತೆಗೆದುಕೊಂಡು, ಕರೆಂಟು ಹೋಗುವುದರೊಳಗೆ ಎರಡು ಪುಟ ಕುಟ್ಟಿಕೊಡುವ ನೀವು. ವಕೀಲನಾದ ನನ್ನ ಕೈಗೆ ಆ ಕಾಗದ ಬರುವಾಗ ತಿದ್ದುವ ಕಾಲ ಮುಗಿದಿರುತ್ತದೆ. ಅದಕ್ಕೇ ಈ ಪತ್ರ.

ಠಾಣೆಯಲ್ಲಿ "ನಿನ್ನ ದೂರು ತಗೊಳ್ಳೋದಿಲ್ಲ" ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ. "ಸಾಹೇಬ್ರು ಜಾತ್ರಿ ಬಂದೋಬಸ್ತಿಗೆ ಹೋಗ್ಯಾರ, ನಾಳೆ ಬರ್ರಿ" ಅನ್ನುತ್ತಾರೆ. ನಾಳೆ ಹೋದರೆ, "ಹಿರಿಯರನ್ನ ಕರಕೊಂಡ್ ಬರ್ರಿ, ಕುಂತು ಮಾತಾಡೂಣು." ಮರುದಿನ, "ನೀವು ಕೊಟ್ರ ಅವರೂ ಕೊಡ್ತಾರ, ನಿಮ್ ಮ್ಯಾಲೂ ಕೇಸ್ ಆಗ್ತೈತಿ, ನೋಡ್ರಿ ಮತ್ತ." ಇದರಲ್ಲಿ ಯಾವುದೂ ಕಾಗದದ ಮೇಲೆ ಇರುವುದಿಲ್ಲ. ಮೂರು ವಾರ ಕಳೆದು ಕೋರ್ಟಿಗೆ ಬಂದಾಗ ಪೊಲೀಸರ ಒಂದೇ ಉತ್ತರ: ಈ ಫಿರ್ಯಾದಿ ಠಾಣೆಗೆ ಬಂದೇ ಇಲ್ಲ. ಬಂದಿದ್ದ ಎಂದು ತೋರಿಸಲು ಅವನ ಹತ್ತಿರ ಬಸ್ ಟಿಕೆಟ್ ಕೂಡ ಉಳಿದಿರುವುದಿಲ್ಲ. ಕಾನೂನಿನಲ್ಲಿ ದಾರಿಗಳು ಸಾಕಷ್ಟಿವೆ. ಆದರೆ ಪ್ರತಿಯೊಂದು ದಾರಿಯೂ ತಾರೀಖಿರುವ ಒಂದು ಕಾಗದದಿಂದ ಶುರುವಾಗುತ್ತದೆ. ಆ ಕಾಗದ ಹುಟ್ಟುವುದು ನಿಮ್ಮ ಟೇಬಲ್ಲಿನ ಮೇಲೆ.

ಮೊದಲು ಒಂದು ಮಾತು. ಠಾಣೆಯವರು "ಬರಕೊಂಡ್ ಬರ್ರಿ" ಎಂದು ಜನರನ್ನು ನಿಮ್ಮ ಕಡೆ ಕಳಿಸುವುದೇ ಕಾನೂನಿಗೆ ಪೂರ್ತಿ ಒಪ್ಪುವ ಮಾತಲ್ಲ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ನೀವು ಟೈಪ್ ಮಾಡಿ ರೂಢಿಯಾದ ಕಲಂ 154 ಈಗ ಕಲಂ 173. ಬಾಯಲ್ಲಿ ಹೇಳಿದರೆ ಠಾಣಾಧಿಕಾರಿಯೇ ಬರೆದುಕೊಳ್ಳಬೇಕು, ಓದಿ ಹೇಳಬೇಕು, ಸಹಿ ಪಡೆಯಬೇಕು, ಎಫ್‌ಐಆರ್ ಪ್ರತಿಯನ್ನು ಬಿಟ್ಟಿಯಾಗಿ ಕೊಡಬೇಕು ಎಂದು ಹಳೆಯ ಕಾನೂನೂ ಹೇಳುತ್ತಿತ್ತು, ಹೊಸದೂ ಹೇಳುತ್ತದೆ. ಹೊಸದರಲ್ಲಿ ಇನ್ನೂ ಎರಡು ಸೇರಿವೆ. ಇಮೇಲ್‌ನಂಥ ವಿದ್ಯುನ್ಮಾನ ದಾರಿಯಲ್ಲೂ ದೂರು ಕಳಿಸಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಿದರೆ ಅದು ದಾಖಲಾಗಬೇಕು. ಎರಡನೆಯದು, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು.

ಈ ಎರಡನೆಯದು ನಮ್ಮ ಜಿಲ್ಲೆಗೆ ಬಹಳ ಬೇಕಾದದ್ದು. ನಾವು ಇರುವುದೆಲ್ಲ ಗಡಿಯಲ್ಲೇ. ಮುನಿರಾಬಾದ್ ದಾಟಿದರೆ ಹೊಸಪೇಟೆ, ಕಾರಟಗಿ ದಾಟಿದರೆ ಸಿಂಧನೂರು, ಕುಷ್ಟಗಿ ದಾಟಿದರೆ ಇಳಕಲ್, ಯಲಬುರ್ಗಾ ದಾಟಿದರೆ ಗಜೇಂದ್ರಗಡ. "ಅದು ನಮ್ಮ ಲಿಮಿಟ್ಸ್ ಅಲ್ರೀ" ಎಂದು ತಿರುಗಿಸಿ ಕಳಿಸಲು ಇದಕ್ಕಿಂತ ಅನುಕೂಲದ ಭೂಗೋಳ ಇಲ್ಲ. ಹಾಗೆ ಬಂದವರಿಗೆ ಝೀರೋ ಎಫ್‌ಐಆರ್ ಎಂದು ಮೇಲೇ ದಪ್ಪ ಅಕ್ಷರದಲ್ಲಿ ಹಾಕಿಕೊಡಿ. ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸುವುದು ಪೊಲೀಸರ ಕೆಲಸ, ಗಾಯಾಳು ಬಸ್ ಹತ್ತಿ ಹೋಗಬೇಕಾದ್ದಲ್ಲ.

ಕಲಬುರಗಿಯ ಒಂದು ಪ್ರಕರಣ ನಿಮಗೆ ನೆನಪಿರಬಹುದು, ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದಿತ್ತು. 2020ರಲ್ಲಿ ತಾಯಿಯೊಬ್ಬರು ಮಗ ಕಾಣೆಯಾಗಿದ್ದಾನೆ ಎಂದು ಸ್ಟೇಷನ್ ಬಜಾರ್ ಠಾಣೆಗೆ ಹೋದರು. ಎಫ್‌ಐಆರ್ ಆಗಲಿಲ್ಲ, ಠಾಣೆಯ ಡೈರಿಯಲ್ಲೂ ನಮೂದಾಗಲಿಲ್ಲ. ಆಕೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಹೈಕೋರ್ಟಿನ ಕಲಬುರಗಿ ಪೀಠ ಡಿಸೆಂಬರ್‌ನಲ್ಲಿ ಕೊಟ್ಟ ಆದೇಶ: ಠಾಣಾಧಿಕಾರಿ ಒಂದು ವಾರ ಠಾಣೆಯ ಮುಂದಿನ ರಸ್ತೆ ಸ್ವಚ್ಛ ಮಾಡಬೇಕು. ಝೀರೋ ಎಫ್‌ಐಆರ್ ಬಗ್ಗೆ ಪೊಲೀಸರಿಗೆ ಕಾರ್ಯಾಗಾರ ನಡೆಸಿ ಎಂದೂ ಹೇಳಿತು. ಜನ ಕಸಬರಿಗೆಯ ಸುದ್ದಿ ಓದಿ ನಕ್ಕರು. ನನಗೆ ಅದರಲ್ಲಿ ಮುಖ್ಯವಾಗಿ ಕಂಡದ್ದು ಡೈರಿಯ ಮಾತು. ಬಂದವರು ಬಂದರು ಎಂದು ಒಂದು ಸಾಲು ಬರೆಯದಿದ್ದುದೇ ಅಲ್ಲಿ ಅಧಿಕಾರಿಯ ಕುತ್ತಿಗೆಗೆ ಬಂತು.

ಈಗ ನಿಮ್ಮ ಕಾಗದಕ್ಕೆ ಬರುತ್ತೇನೆ. ಬೇಸರ ಮಾಡಿಕೊಳ್ಳಬೇಡಿ. ನನ್ನ ಮುಂದೆ ಇರುವ ಒಂದು ಫಿರ್ಯಾದಿಯ ಪ್ರತಿ ಹೀಗಿದೆ. ವಿಷಯ: ನ್ಯಾಯ ಒದಗಿಸಿಕೊಡುವ ಕುರಿತು. ಮೊದಲ ಪುಟವಿಡೀ ಅಜ್ಜನ ಕಾಲದ ಹೊಲ, ಸರ್ವೆ ನಂಬರು, ಪಾಲು, ಬದು ಒತ್ತಿದ್ದು, ಹೊಲಕ್ಕೆ ಹೋಗುವ ದಾರಿ ಬಂದ್ ಮಾಡಿದ್ದು. ಎರಡನೇ ಪುಟದ ನಡುವೆ ಒಂದೇ ಸಾಲು: "ಸದರಿಯವರು ನನಗೆ ಅವಾಚ್ಯವಾಗಿ ಬೈದು ಹೊಡೆಬಡೆ ಮಾಡಿರುತ್ತಾರೆ." ಕೊನೆಗೆ: "ಆದ್ದರಿಂದ ದಯಾಳುಗಳಾದ ತಾವು ಸದರಿಯವರನ್ನು ಠಾಣೆಗೆ ಕರೆಸಿ ಸೂಕ್ತ ಬುದ್ಧಿ ಹೇಳಿ ನ್ಯಾಯ ದೊರಕಿಸಿಕೊಡಬೇಕೆಂದು ವಿನಂತಿ." ಆ ಮನುಷ್ಯನ ತಲೆಗೆ ಹೊಲಿಗೆ ಬಿದ್ದಿದ್ದವು. ಕೊಡಲಿಯ ಕಾವಿನಲ್ಲಿ ಹೊಡೆದಿದ್ದರು. ಕಾಗದದಲ್ಲಿ ಕೊಡಲಿಯೂ ಇಲ್ಲ, ಹೊಲಿಗೆಯೂ ಇಲ್ಲ.

ಪೊಲೀಸರು ಏನು ಮಾಡಿದರು? ಕಾಗದದಲ್ಲಿ ಬೇಡಿದ್ದನ್ನೇ ಮಾಡಿದರು. ಕರೆಸಿ ಬುದ್ಧಿ ಹೇಳಿದರು. ಆಮೇಲೆ "ಸಿವಿಲ್ ಸ್ವರೂಪದ ತಕರಾರು ಇರುವುದರಿಂದ ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳತಕ್ಕದ್ದು" ಎಂದು ಹಿಂಬರಹ ಕೊಟ್ಟು ಕೈ ತೊಳೆದುಕೊಂಡರು. ಅವರ ಮೇಲೆ ನನಗೆ ಸಿಟ್ಟಿದೆ. ಆದರೆ ಆ ಹಿಂಬರಹಕ್ಕೆ ಬಾಗಿಲು ತೆರೆದಿಟ್ಟದ್ದು ನಮ್ಮ ಕಡೆಯ ಕಾಗದವೇ ಎಂಬುದನ್ನೂ ಒಪ್ಪಬೇಕು.

ಇದರ ಹಿಂದೆ ಇರುವ ಕಾನೂನು ಸಣ್ಣದು, ಆದರೆ ಎಲ್ಲವೂ ಅದರ ಮೇಲೆ ನಿಂತಿದೆ. ಅಪರಾಧಗಳಲ್ಲಿ ಎರಡು ಜಾತಿ. ಪೊಲೀಸರು ತಾವಾಗಿಯೇ ಕೇಸ್ ಹಾಕಿ ತನಿಖೆ ಮಾಡಬಹುದಾದದ್ದು ಸಂಜ್ಞೇಯ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಮಾಡಲಾಗದ್ದು ಅಸಂಜ್ಞೇಯ, ಠಾಣೆಯವರ ಬಾಯಲ್ಲಿ ಎನ್‌ಸಿ. ಬರೀ ಬೈದಾಟ, ಕೈಯಿಂದ ಹೊಡೆದ ಸಾದಾ ಗಾಯ ಎನ್‌ಸಿ. ಅಪಾಯಕಾರಿ ಆಯುಧದಿಂದ ಆದ ಗಾಯ ಭಾರತೀಯ ನ್ಯಾಯ ಸಂಹಿತೆಯ ಕಲಂ 118ರಲ್ಲಿ ಸಂಜ್ಞೇಯ. ಕಳವಿನಲ್ಲೂ ಹೊಸ ಸಂಹಿತೆ ಒಂದು ಗೆರೆ ಎಳೆದಿದೆ: 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲಿನ ಮೊದಲ ಸಲದ ಕಳವು ಅಸಂಜ್ಞೇಯ. ಬೋರ್‌ವೆಲ್‌ನ ಕೇಬಲ್ ಕಳುವಾಯಿತು ಎಂದಷ್ಟೇ ಬರೆದು ಬೆಲೆ ಬಿಟ್ಟರೆ ಠಾಣೆಯವರು ತಮಗೆ ಬೇಕಾದ ಬೆಲೆ ಕಟ್ಟಿಕೊಳ್ಳುತ್ತಾರೆ. ಎಷ್ಟು ಮೀಟರ್, ಯಾವಾಗ ಕೊಂಡದ್ದು, ಎಷ್ಟಕ್ಕೆ, ಬಿಲ್ ಇದೆಯೋ ಇಲ್ಲವೋ, ಬರೆಯಿರಿ.

ಹೀಗೆಂದ ಮಾತ್ರಕ್ಕೆ ಇಲ್ಲದ ಕೊಡಲಿಯನ್ನು ಕೈಗೆ ಕೊಡಿ ಎಂದಲ್ಲ. ನಿಮ್ಮಲ್ಲಿ ಕೆಲವರು ಕೇಸ್ ಗಟ್ಟಿಯಾಗಲಿ ಎಂದು ಜಾತಿ ನಿಂದನೆ, ಕೊಲೆ ಪ್ರಯತ್ನ, ಸರ ಕಿತ್ತುಕೊಂಡದ್ದು ಎಲ್ಲವನ್ನೂ ಒಗ್ಗರಣೆಯಂತೆ ಹಾಕುತ್ತೀರಿ. ಸುಳ್ಳು ದೂರು ಕೊಡುವುದೂ ಶಿಕ್ಷೆಯಾಗುವ ಅಪರಾಧ, ಅದು ಬೀಳುವುದು ನಿಮ್ಮ ಮೇಲಲ್ಲ, ಕೆಳಗೆ ಹೆಬ್ಬೆಟ್ಟು ಒತ್ತಿದವನ ಮೇಲೆ. ಒಂದು ಸುಳ್ಳು ಸಿಕ್ಕಿಬಿದ್ದರೆ ನಿಜವಾಗಿ ಬಿದ್ದ ಏಟೂ ಅದರ ಜೊತೆ ಕೊಚ್ಚಿಹೋಗುತ್ತದೆ.

ಹಾಗಾದರೆ ಏನು ಬರೆಯಬೇಕು? ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾರು, ಯಾವುದರಿಂದ, ಎಲ್ಲಿಗೆ ಹೊಡೆದರು, ನೋಡಿದವರು ಯಾರು, ಯಾವ ಆಸ್ಪತ್ರೆಗೆ ಹೋದರು. ಇಷ್ಟು ಮೊದಲ ಪುಟದ ಮೇಲರ್ಧದಲ್ಲಿ ಬರಲಿ. ಅಜ್ಜನ ಹೊಲ ಕೊನೆಗೆ ಎರಡು ಸಾಲು ಸಾಕು. ವಿಷಯದ ಜಾಗದಲ್ಲಿ "ಪ್ರಕರಣ ದಾಖಲಿಸಿ ಎಫ್‌ಐಆರ್ ಪ್ರತಿ ನೀಡುವ ಕುರಿತು" ಎಂದಿರಲಿ. ಬುದ್ಧಿ ಹೇಳುವ ಸಾಲನ್ನು ನಿಮ್ಮ ಕಂಪ್ಯೂಟರಿನಿಂದ ಇವತ್ತೇ ಅಳಿಸಿ. ರಕ್ತ ಸುರಿಸಿಕೊಂಡು ನಿಮ್ಮ ಅಂಗಡಿಗೇ ಬಂದವರಿದ್ದರೆ ಟೈಪಿಂಗ್ ಆಮೇಲೆ, ಮೊದಲು ಸರ್ಕಾರಿ ಆಸ್ಪತ್ರೆಗೆ ಕಳಿಸಿ. "ಇದು ಹೊಡೆದಾಟದ ಗಾಯ, ಎಂಎಲ್‌ಸಿ ಮಾಡಿ" ಎಂದು ವೈದ್ಯರಿಗೆ ಹೇಳಲಿ. ಬೈಕಿನಿಂದ ಬಿದ್ದೆ ಎಂದು ಹೇಳಿ ಚಿಕಿತ್ಸೆ ಪಡೆದು, ಮರುದಿನ ಹೊಡೆದರು ಎಂದು ದೂರು ಕೊಟ್ಟವರ ಕೇಸುಗಳು ಎಲ್ಲಿ ಮುರಿಯುತ್ತವೆ ಎಂಬುದು ಕೋರ್ಟಿನಲ್ಲಿ ಓಡಾಡುವ ನಿಮಗೆ ಗೊತ್ತೇ ಇದೆ.

ಎರಡು ಪ್ರತಿ ಮಾಡಿ. ಒಂದರ ಮೇಲೆ ಠಾಣೆಯ ಮೊಹರು, ತಾರೀಖು, ತೆಗೆದುಕೊಂಡವರ ಸಹಿ ಹಾಕಿಸಿಕೊಂಡು ಬರಲು ಹೇಳಿ. ಮೊಹರು ಹಾಕಲಿಲ್ಲವೋ, ಅದೇ ದಿನ ಠಾಣೆಗೇ ಅಂಚೆಯಲ್ಲಿ ಕಳಿಸಿ. ಎಷ್ಟು ಹೊತ್ತಿಗೆ ಠಾಣೆಗೆ ಹೋದರು, ಯಾರು ಏನಂದರು ಎಂಬುದನ್ನು ಬೇರೆ ಕಾಗದದಲ್ಲಿ ಬರೆದಿಡಿಸಿ. ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ಚಿತ್ರಗಳನ್ನು ಕನಿಷ್ಠ ಒಂದು ವರ್ಷವಾದರೂ ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಹೇಳಿದೆ. ದಿನ, ಗಂಟೆ ಗೊತ್ತಿದ್ದರೆ ತಾನೇ ಆ ಚಿತ್ರ ಕೇಳಲು ಬರುವುದು!

ಸಂಜ್ಞೇಯ ಅಪರಾಧದ ಮಾಹಿತಿ ಬಂದಮೇಲೆ ಎಫ್‌ಐಆರ್ ಹಾಕುವುದು ಪೊಲೀಸರ ಇಷ್ಟಕ್ಕೆ ಬಿಟ್ಟದ್ದಲ್ಲ. 2008ರ ಮೇ 11ರಂದು ಉತ್ತರ ಪ್ರದೇಶದ ಅಪ್ಪನೊಬ್ಬ, ಎಳೆಯ ಮಗಳನ್ನು ಅಪಹರಿಸಿದ್ದಾರೆ ಎಂದು ಬರೆದುಕೊಟ್ಟ ಅರ್ಜಿಯನ್ನು ಠಾಣೆಯವರು ಹಾಗೇ ಇಟ್ಟುಕೊಂಡರು. ಎಸ್‌ಪಿ ಹತ್ತಿರ ಹೋದಮೇಲೆ ಎಫ್‌ಐಆರ್ ಆಯಿತು, ಹುಡುಕಾಟ ಆಗಲಿಲ್ಲ. ಆ ಅಪ್ಪ ಸುಪ್ರೀಂ ಕೋರ್ಟಿಗೆ ಹೋದ. 2013ರ ನವೆಂಬರ್ 12ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಲಲಿತಾ ಕುಮಾರಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು: ದಾಖಲಿಸಲೇಬೇಕು, ದಾಖಲಿಸದ ಅಧಿಕಾರಿಯ ಮೇಲೆ ಕ್ರಮ ಆಗಬೇಕು. ಮಾಹಿತಿ ನಿಜವೋ ಸುಳ್ಳೋ ಎಂದು ನೋಡುವುದು ಎಫ್‌ಐಆರ್ ಆದಮೇಲಿನ ಕೆಲಸ. ಗಂಡ ಹೆಂಡಿರ ಜಗಳ, ವ್ಯಾಪಾರದ ವ್ಯವಹಾರ, ವೈದ್ಯಕೀಯ ನಿರ್ಲಕ್ಷ್ಯ, ಭ್ರಷ್ಟಾಚಾರ, ಬಹಳ ತಡವಾಗಿ ಬಂದ ದೂರು, ಇಂಥವುಗಳಲ್ಲಿ ಮಾತ್ರ ಮೊದಲು ಸ್ವಲ್ಪ ವಿಚಾರಿಸಬಹುದು.

ಹೊಸ ಸಂಹಿತೆ ಇದಕ್ಕೊಂದು ಕಿಂಡಿ ಕೊರೆದಿದೆ. ಮೂರು ವರ್ಷದಿಂದ ಹಿಡಿದು ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ, ಡಿವೈಎಸ್‌ಪಿಯ ಅನುಮತಿ ಪಡೆದು ಪ್ರಾಥಮಿಕ ವಿಚಾರಣೆ ಮಾಡಬಹುದು. ನನಗೆ ಈ ಕಿಂಡಿ ಹಿಡಿಸಿಲ್ಲ. ಮೇಲೆ ಹೇಳಿದ ಕೊಡಲಿ ಕಾವಿನ ಏಟೂ ಇದರೊಳಗೇ ಬರುತ್ತದೆ. ಆದರೆ ಅದಕ್ಕೂ 14 ದಿನದ ಗಡುವಿದೆ. "ಎನ್‌ಕ್ವಯರಿ ನಡದೈತಿ" ಎಂದು ಎರಡು ತಿಂಗಳು ಓಡಾಡಿಸಿದರೆ ಡಿವೈಎಸ್‌ಪಿ ಅನುಮತಿಯ ತಾರೀಖು ಯಾವುದು ಎಂದು ಅರ್ಜಿಯಲ್ಲಿ ಕೇಳಿ. ಅರ್ಧ ಸಲ ಅಂಥ ಅನುಮತಿಯೇ ಇರುವುದಿಲ್ಲ ಎಂಬುದು ನನ್ನ ಗುಮಾನಿ.

ಠಾಣೆಯಲ್ಲಿ ಆಗಲಿಲ್ಲ ಎಂದಾದರೆ ಮುಂದಿನ ಮೆಟ್ಟಿಲು ಕೊಪ್ಪಳದ ಎಸ್‌ಪಿ. ಕಲಂ 173(4) ಹೇಳುವುದು ಬರವಣಿಗೆಯಲ್ಲಿ, ಅಂಚೆಯ ಮೂಲಕ. ಕುಷ್ಟಗಿಯಿಂದ ಜೀಪು ಮಾಡಿಕೊಂಡು ಇಪ್ಪತ್ತು ಜನ ಹೋಗಿ ಕೈಮುಗಿದು ಬಂದರೆ ಫೋಟೋ ಬರುತ್ತದೆ, ದಾಖಲೆ ಬರುವುದಿಲ್ಲ. ರಿಜಿಸ್ಟರ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ, ಆದ್ದರಿಂದ ಸ್ಪೀಡ್ ಪೋಸ್ಟ್ ಮಾಡಿಸಿ, ರಸೀದಿಯನ್ನೂ ತಲುಪಿದ ಬಗ್ಗೆ ಬರುವ ಪುರಾವೆಯನ್ನೂ ದೂರಿನ ಪ್ರತಿಗೆ ಪಿನ್ ಮಾಡಿಕೊಡಿ. ಠಾಣೆಗೆ ಕೊಟ್ಟ ದೂರನ್ನೇ ಲಗತ್ತಿಸಿ, ಮೇಲೊಂದು ಪುಟ: ಯಾವತ್ತು ಕೊಟ್ಟೆವು, ಏನಾಯಿತು. ಹೊಸ ಕಥೆ ಸೇರಿಸಬೇಡಿ. ಎರಡು ಕಾಗದಗಳ ನಡುವಿನ ವ್ಯತ್ಯಾಸವನ್ನು ಎದುರಿನ ವಕೀಲ ಭೂತಗನ್ನಡಿ ಹಿಡಿದು ಹುಡುಕುತ್ತಾನೆ.

ಎಸ್‌ಪಿ ಹತ್ತಿರವೂ ಆಗದಿದ್ದರೆ ಮ್ಯಾಜಿಸ್ಟ್ರೇಟ್. ನಾಲ್ಕೂ ಊರುಗಳಲ್ಲಿ ಜೆಎಂಎಫ್‌ಸಿ ಕೋರ್ಟುಗಳಿವೆ. ನೇರವಾಗಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಿಬಿಡೋಣ ಎನ್ನುವವರಿಗೆ ಸುಪ್ರೀಂ ಕೋರ್ಟ್ ಸಾಕಿರಿ ವಾಸು ಪ್ರಕರಣದಲ್ಲಿ ಹೇಳಿದ್ದು, ಮೊದಲು ಮ್ಯಾಜಿಸ್ಟ್ರೇಟರ ಬಳಿ ಹೋಗಿ ಎಂದೇ. ಅಲ್ಲಿ ಎರಡು ದಾರಿ. ಹಳೆಯ 156(3), ಈಗಿನ 175(3)ರಡಿ ಪೊಲೀಸರೇ ಎಫ್‌ಐಆರ್ ಹಾಕಿ ತನಿಖೆ ಮಾಡಲಿ ಎಂದು ಆದೇಶ ಕೇಳುವುದು ಒಂದು. ಹಳೆಯ 200, ಈಗಿನ 223ರಡಿ ಖಾಸಗಿ ಫಿರ್ಯಾದಿ ಹಾಕಿ, ಪ್ರಮಾಣ ಮಾಡಿ ಹೇಳಿಕೆ ಕೊಟ್ಟು, ಸಾಕ್ಷಿಗಳನ್ನು ತಾನೇ ಕರೆತರುವುದು ಇನ್ನೊಂದು. ಕೋರ್ಟಿನ ಕಟ್ಟೆಯ ಮೇಲೆ ಎರಡಕ್ಕೂ ಪಿಸಿಆರ್ ಎಂಬ ಒಂದೇ ಹೆಸರು, ಆದರೆ ಕೆಲಸ ಬೇರೆ. ಆರೋಪಿ ಯಾರೆಂದೇ ಗೊತ್ತಿಲ್ಲ, ಮಾಲು ವಶಪಡಿಸಿಕೊಳ್ಳಬೇಕು, ಫೋನ್ ಕರೆಗಳ ವಿವರ ತರಿಸಬೇಕು ಎಂದಾದರೆ ಪೊಲೀಸರಿಲ್ಲದೆ ಆಗುವುದಿಲ್ಲ, 175(3) ಬೇಕು. ಎಲ್ಲ ಸಾಕ್ಷಿ ಕೈಯಲ್ಲೇ ಇದೆ ಎಂದಾದರೆ ಎರಡನೆಯದೂ ಆದೀತು. ಆದರೆ ಹೊಸ ಕಾನೂನಿನಲ್ಲಿ ಸಂಜ್ಞಾನ ತೆಗೆದುಕೊಳ್ಳುವ ಮೊದಲೇ ಆರೋಪಿಯ ಮಾತು ಕೇಳಬೇಕು, ಹಾಗಾಗಿ ಅದು ನಿಧಾನದ ದಾರಿ. ಯಾವುದು ಎಂದು ವಕೀಲರು ನಿರ್ಧರಿಸಲಿ, ನೀವು ಅಂದಾಜಿನಲ್ಲಿ ಕಲಂ ಹಾಕಬೇಡಿ.

175(3)ರ ಅರ್ಜಿಗೆ ಪ್ರಮಾಣಪತ್ರ ಲಗತ್ತಾಗಲೇಬೇಕು. 2015ರಲ್ಲಿ ಪ್ರಿಯಾಂಕಾ ಶ್ರೀವಾಸ್ತವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿದ ಷರತ್ತು ಈಗ ಕಾನೂನಿನ ಪಠ್ಯಕ್ಕೇ ಬಂದಿದೆ. ಠಾಣೆಗೆ ಹೋಗಿದ್ದೆ, ಎಸ್‌ಪಿಗೆ ಬರೆದಿದ್ದೆ ಎಂಬೆರಡೂ ಅದರಲ್ಲಿ ತಾರೀಖು ಸಮೇತ ಇರಬೇಕು. ಮ್ಯಾಜಿಸ್ಟ್ರೇಟರು ಪೊಲೀಸರು ಹೇಳುವುದನ್ನೂ ಕೇಳುತ್ತಾರೆ. ಆಗ ಮೊಹರು ಬಿದ್ದ ಆ ಪ್ರತಿ, ಆ ಅಂಚೆ ರಸೀದಿ ಮಾತಾಡುತ್ತವೆ. ಪ್ರಮಾಣಪತ್ರ ಟೈಪ್ ಮಾಡುವವರು ನೀವೇ ತಾನೆ? ಹಳೆಯ ಫೈಲಿನ ಮೇಲೇ ಹೊಸ ಹೆಸರು ಕೂರಿಸುವಾಗ ಸ್ವಲ್ಪ ನೋಡಿ. ಯಲಬುರ್ಗಾ ತಾಲ್ಲೂಕಿನ ಹೆಣ್ಣುಮಗಳ ಪ್ರಮಾಣಪತ್ರದ ಮೂರನೇ ಪ್ಯಾರಾದಲ್ಲಿ "ನನ್ನ ಹೆಂಡತಿಯನ್ನು" ಎಂದು ಉಳಿದಿದ್ದನ್ನು ಕಂಡು ನ್ಯಾಯಾಧೀಶರೂ ನಗು ತಡೆದುಕೊಂಡಿದ್ದನ್ನು ನಾನು ನೋಡಿದ್ದೇನೆ. ಆ ದಿನ ಆಕೆ ಮಾತ್ರ ನಗಲಿಲ್ಲ. ತಾರೀಖು ಮುಂದೆ ಹೋಯಿತು.

ಕೆಲವು ದೂರುಗಳನ್ನು ತಿರಸ್ಕರಿಸುವುದೇ ಅಪರಾಧ. ಅತ್ಯಾಚಾರ, ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ, ಆಸಿಡ್ ದಾಳಿ, ಮಾನವ ಕಳ್ಳಸಾಗಣೆಯ ಮಾಹಿತಿ ದಾಖಲಿಸದ ಅಧಿಕಾರಿಗೆ ನ್ಯಾಯ ಸಂಹಿತೆಯ ಕಲಂ 199ರಲ್ಲಿ ಆರು ತಿಂಗಳಿಂದ ಎರಡು ವರ್ಷದವರೆಗೆ ಕಠಿಣ ಸಜೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ದಾಖಲಿಸದಿದ್ದರೆ ಪೋಕ್ಸೊ ಕಾಯ್ದೆಯ ಕಲಂ 21. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯದ ದೂರಿಗೆ ದೌರ್ಜನ್ಯ ತಡೆ ಕಾಯ್ದೆಯ ಕಲಂ 18ಎ ಪ್ರಕಾರ ಪ್ರಾಥಮಿಕ ವಿಚಾರಣೆಯ ನೆಪವೇ ನಡೆಯುವುದಿಲ್ಲ. ಬೇಕೆಂದೇ ಕರ್ತವ್ಯ ಬಿಟ್ಟ ಅಧಿಕಾರಿಗೆ ಅದೇ ಕಾಯ್ದೆಯ ಕಲಂ 4 ಇದೆ. ಕೊನೆಯ ಸಾಲಿನಲ್ಲಿ ಈ ಕಲಂಗಳಲ್ಲಿ ಹೊಂದುವ ಒಂದನ್ನು ಸುಮ್ಮನೆ ನಮೂದಿಸಿ, ಬೆದರಿಕೆಯ ಭಾಷೆ ಬೇಡ. ಓದುವವರಿಗೆ ಅರ್ಥವಾಗುತ್ತದೆ.

ನೊಂದವರೇ ಬರಬೇಕೆಂದೂ ಇಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬದ ಪುಟ್ಟ ಮಗು ಹನುಮಪ್ಪನ ಗುಡಿಯೊಳಗೆ ಓಡಿಹೋಯಿತೆಂದು ಊರಿನ ಕೆಲವರು 25,000 ರೂಪಾಯಿ ದಂಡ ಕೇಳಿದ್ದು ದೇಶಕ್ಕೇ ಗೊತ್ತಾಯಿತು. ಊರಲ್ಲೇ ಬಾಳಬೇಕಾದ ಆ ಕುಟುಂಬ ದೂರು ಕೊಡಲು ಹಿಂಜರಿಯಿತು. ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿ ಕೊಟ್ಟ ದೂರಿನ ಮೇಲೆ ಕೇಸ್ ದಾಖಲಾಯಿತು. ಅಂಥ ಅಂಜಿಕೆಯಿಂದ ನಿಮ್ಮ ಟೇಬಲ್ಲಿನ ಮುಂದೆ ಬಂದು, ಬರೆಸಲೋ ಬೇಡವೋ ಎಂದು ನಿಂತವರಿಗೆ ಈ ದಾರಿಯೂ ಇದೆ ಎಂದು ಹೇಳಿ.

ಈ ಕಾಗದ ಎಷ್ಟು ಕಾಲ ಬಾಳಬೇಕಾಗುತ್ತದೆ ಎಂಬುದಕ್ಕೆ ಮರಕುಂಬಿ ಎಂಬ ಊರಿನ ಪ್ರಕರಣವನ್ನು ನೋಡಿ. ಗಂಗಾವತಿಯ ಚಿತ್ರಮಂದಿರದಲ್ಲಿ ಶುರುವಾದ ಜಗಳ ಊರಿಗೆ ಬಂದು, ದಲಿತರ ಗುಡಿಸಲುಗಳಿಗೆ ಬೆಂಕಿ ಬಿದ್ದದ್ದು 2014ರ ಆಗಸ್ಟ್ 28ರಂದು. ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ, ಮೂವರಿಗೆ ಐದು ವರ್ಷ ಸಜೆ ಕೊಟ್ಟದ್ದು 2024ರ ಅಕ್ಟೋಬರ್ 24ರಂದು. ಮುಂದಿನ ತಿಂಗಳೇ ಧಾರವಾಡ ಪೀಠ 97 ಜನರಿಗೆ ಜಾಮೀನು ಕೊಟ್ಟಿತು. ನಡುವಿನ ಹತ್ತು ವರ್ಷದಲ್ಲಿ ಆರೋಪಿಗಳಲ್ಲೇ ಹಲವರು ತೀರಿಕೊಂಡಿದ್ದರು. ಅಷ್ಟು ವರ್ಷದ ಮೇಲೆ ಸಾಕ್ಷಿಕಟ್ಟೆ ಹತ್ತಿದವರನ್ನು ವಕೀಲರು ಮೊದಲು ಕೇಳುವುದು ಒಂದೇ: ಇದನ್ನು ಅವತ್ತು ಬರೆಸಿದ್ದೀಯಾ?

ಪೊಲೀಸರ ಕಷ್ಟವೂ ನನಗೆ ಗೊತ್ತು. ಜಾತ್ರೆ, ಅಂಜನಾದ್ರಿಯ ಜನಸಾಗರ, ಸಚಿವರ ಪ್ರವಾಸ, ಇವುಗಳ ನಡುವೆ ತನಿಖೆಗೆ ಕೈ ಸಾಲುವುದಿಲ್ಲ. ಎಫ್‌ಐಆರ್ ಹೆಚ್ಚಾದರೆ ತಿಂಗಳ ಸಭೆಯಲ್ಲಿ ಮೇಲಿನವರು "ನಿಮ್ಮಲ್ಲಿ ಕ್ರೈಂ ಏರಿತಲ್ಲ" ಎಂದು ಕೇಳುತ್ತಾರೆ. ಊರ ಮುಖಂಡರ ಫೋನ್ ಬೇರೆ. ಆದರೆ ಆ ಭಾರವನ್ನು ತಲೆಗೆ ಹೊಲಿಗೆ ಹಾಕಿಸಿಕೊಂಡು ಬಂದವನು ಹೊರಬೇಕಾಗಿಲ್ಲ. ಇನ್ನೊಂದು ಮಾತು: ಠಾಣೆಯಲ್ಲಿ ಮಾತಾಡಿ ಕೊಡುತ್ತೇನೆ ಎಂದು ನಿಮ್ಮ ಅಂಗಡಿಯ ಬೆಂಚಿನ ಮೇಲೇ ಕೂತು ಗಿರಾಕಿ ಹಿಡಿಯುವ ಏಜೆಂಟರಿದ್ದಾರಲ್ಲ, ಅವರಿಗೆ ಚಹಾ ಕೊಡುವುದನ್ನು ನಿಲ್ಲಿಸಿ.

ವಕೀಲರ ಫೀಸಿಗೆ ದುಡ್ಡಿಲ್ಲ ಎನ್ನುವವರನ್ನು ಕೋರ್ಟಿನ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳಿಸಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಬಿಟ್ಟಿ. ಉಳಿದ ಬಡವರಿಗೆ ಆದಾಯದ ಮಿತಿ ಇದೆ. ಫೋನ್ ನಂಬರ್ 15100. ಪರಿಶಿಷ್ಟರ ಮೇಲಿನ ದೌರ್ಜನ್ಯದ ದೂರಿಗೆ 14566, ಆನ್‌ಲೈನ್ ಮೋಸಕ್ಕೆ 1930. ಈ ಮೂರನ್ನೂ, ಜೊತೆಗೆ ಕೊಪ್ಪಳದ ಪೊಲೀಸ್ ವರಿಷ್ಠಾಧಿಕಾರಿ ಕಚೇರಿಯ ವಿಳಾಸವನ್ನೂ ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು, ಝೆರಾಕ್ಸಿಗೆ ಎರಡು ರೂಪಾಯಿ ಎಂಬ ಬೋರ್ಡಿನ ಪಕ್ಕಕ್ಕೆ ಅಂಟಿಸಿ.

ಇತಿ,
ನಿಮ್ಮ ಅಂಗಡಿಗಳಲ್ಲಿ ಝೆರಾಕ್ಸ್ ಬಾಕಿ ಇಟ್ಟಿರುವ ಒಬ್ಬ ವಕೀಲ